ಊರಿಗೊಂದು ಹುಳಿ

ಉತ್ತರ ಕನ್ನಡದಲ್ಲಿ ಊಟದ ಮಾತೆತ್ತಿದರೆ ಸಾಕು, ಕುಳಿತವರು ಎರಡು ಪಂಗಡವಾಗುತ್ತಾರೆ. ಘಟ್ಟದ ಮೇಲಿನವರು ತಂಬುಳಿ, ಅಪ್ಪೆಹುಳಿ, ತೊಡದೇವು ಎಂದು ಶುರು ಹಚ್ಚುತ್ತಾರೆ. ಕೆಳಗಿನವರು ಬಂಗಡೆ ಮೀನು, ಇಸವಾಣ ಮೀನು, ಶೆಟ್ಲಿ ಎಂಬ ಸಿಗಡಿ ಎಂದು ಉತ್ತರ ಕೊಡುತ್ತಾರೆ. ಮೇಲಿನವರಿಗೆ ಕೆಳಗಿನವರ ಅಡುಗೆಮನೆಯ ವಾಸನೆ ಆಗಿಬರದು. ಕೆಳಗಿನವರ ಪಾಲಿಗೆ ಮೇಲಿನವರ ಊಟವೆಂದರೆ ಜ್ವರ ಬಿಟ್ಟವರ ಪಥ್ಯ. ಕುಮಟೆಯಲ್ಲಿ ಮನೆ ಮಾಡಿಕೊಂಡು, ಕೆಲಸದ ನೆಪದಲ್ಲಿ ಇತ್ತ ಶಿರಸಿಗೂ ಅತ್ತ ಕಾರವಾರಕ್ಕೂ ಓಡಾಡುವ ನನಗೆ ಈ ಜಗಳದಲ್ಲಿ ಪಕ್ಷ ವಹಿಸಲು ಹೊಟ್ಟೆ ಒಪ್ಪುವುದಿಲ್ಲ. ಎರಡೂ ಕಡೆ ಉಂಡವನು ಎಂಬ ಅಧಿಕಾರದಿಂದ ಒಂದು ಮಾತು ಹೇಳುತ್ತೇನೆ. ಮೀನು, ಸೊಪ್ಪು ಎಂಬುದೆಲ್ಲ ಮೇಲುನೋಟದ ಭೇದ. ಒಳಗೆ ಇಡೀ ಜಿಲ್ಲೆ ನಿಂತಿರುವುದು ಹುಳಿಯ ಮೇಲೆ. ಹುಣಸೆಯ ಮೇಲೆ ಅಲ್ಲ, ನೆನಪಿರಲಿ. ಹುಣಸೆ ಎಲ್ಲ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಅದಕ್ಕಾಗಿ ಯಾರೂ ಬಸ್ಸು ಹತ್ತುವುದಿಲ್ಲ. ಅಪ್ಪೆಮಿಡಿ ಎಂಬ ಕಾಡುಮಾವಿನ ಎಳೆಗಾಯಿ, ಕೋಕಂ ಎಂದೂ ಕರೆಯುವ ಮುರುಗಲು, ವಾಟೆ, ಬಿಂಬಲಿ, ಅಂಬಟೆ, ಕಂಚಿ ಇವುಗಳಿಗಾಗಿ ನಾನು ಬಸ್ಸು ಹತ್ತಿದ್ದೇನೆ, ಕೆಲವು ಸಲ ರಜೆಯನ್ನೂ ಹಾಕಿದ್ದೇನೆ.

ಕುಮಟೆಯಿಂದ ಶಿರಸಿಗೆ ಹೋಗುವ ದಾರಿಯಲ್ಲಿ ಹುಳಿ ಮೊದಲು ಔಷಧಿಯಾಗಿ ಒದಗುತ್ತದೆ. ದೇವಿಮನೆ ಘಟ್ಟದ ತಿರುವುಗಳು ಶುರುವಾಗುತ್ತಿದ್ದಂತೆ ಬಸ್ಸಿನಲ್ಲಿ ಮಾತು ಕಡಿಮೆಯಾಗುತ್ತದೆ. ಕಿಟಕಿಯ ಪಕ್ಕದ ಸೀಟಿಗೆ ಬೇಡಿಕೆ ಹೆಚ್ಚುತ್ತದೆ. ಅಷ್ಟರಲ್ಲಿ ಯಾರೋ ಒಬ್ಬ ಹೆಂಗಸು ಕೈಚೀಲದಿಂದ ಲಿಂಬೆಹಣ್ಣು ತೆಗೆದು ಮೂಸತೊಡಗುತ್ತಾಳೆ. ಇನ್ನೊಬ್ಬಳ ಹತ್ತಿರ ಉಪ್ಪುನೀರಿನಲ್ಲಿ ನೆನೆಸಿದ ನೆಲ್ಲಿಕಾಯಿಯ ಡಬ್ಬಿ ಇರುತ್ತದೆ. ಪರಿಚಯ ಇರಲಿ ಬಿಡಲಿ, ಮುಖ ಬಿಳಿಚಿಕೊಂಡವರಿಗೆಲ್ಲ ಒಂದೊಂದು ಹಂಚುತ್ತಾಳೆ. ನನಗೆ ಘಟ್ಟ ಹತ್ತಿದರೆ ತಲೆ ತಿರುಗುವುದಿಲ್ಲ. ಆದರೂ ಆ ಡಬ್ಬಿ ಹತ್ತಿರ ಬಂದಾಗ ಸ್ವಲ್ಪ ಬಾಡಿದ ಮುಖ ಮಾಡುವುದುಂಟು.

ಶಿರಸಿಯ ಗೆಳೆಯನ ಮನೆ ಪೇಟೆಯಿಂದ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಅಂಗಳಕ್ಕೆ ಕಾಲಿಟ್ಟರೆ ಅವನ ತಾಯಿ ಕೇಳುವ ಮೊದಲ ಪ್ರಶ್ನೆ, "ಬಂದೆಯಾ ತಮ್ಮಾ, ಆಸರಿಗೆ ಏನು ಕೊಡಲಿ?" ಆಸರಿಯೆಂದರೆ ದಣಿದು ಬಂದವರಿಗೆ ಕೊಡುವ ಪಾನೀಯ. ಇದನ್ನು ಬಾಯಿಮಾತಿನ ಉಪಚಾರವೆಂದು ತಿಳಿದವರು ಮೋಸ ಹೋಗುತ್ತಾರೆ. ಇದು ಪಟ್ಟಿಯನ್ನು ಕೈಗೆ ಕೊಡುವ ಕ್ರಮ. ಮಜ್ಜಿಗೆ ಇದೆ, ಮುರುಗಲು ಪಾನಕ ಇದೆ, ಎಳ್ಳು ಪಾನಕ ಮಾಡಬಹುದು, ಸೊಗದೆಬೇರಿನ ಶರಬತ್ತು ಇದೆ, ಪಾಕದಂತಿರುವ ಜೋನಿಬೆಲ್ಲ ಕಲಸಿದ ನೀರಿಗೆ ಲಿಂಬೆ ಹಿಂಡಿಕೊಡಬಹುದು. ಏನೂ ಬೇಡವಾದರೆ ಕಷಾಯ. ಬಿಸಿಲಿನಲ್ಲಿ ಬಂದವನಿಗೆ ಒಂದು, ಮಳೆಯಲ್ಲಿ ನೆನೆದು ಬಂದವನಿಗೆ ಇನ್ನೊಂದು, ರಾತ್ರಿ ಮದುವೆಮನೆಯ ಊಟ ಹೆಚ್ಚಾದವನಿಗೆ ಮತ್ತೊಂದು. ನಗರದ ಬಾರಿನಲ್ಲಿ ಕರಿ ಅಂಗಿ ತೊಟ್ಟು ಕುಲುಕಿ ಕುಲುಕಿ ಕೊಡುವವರು ಗಿರಾಕಿಯ ಮುಖ ನೋಡಿ ಪೇಯ ಬೆರೆಸುತ್ತೇವೆ ಎಂದು ಜಂಬ ಕೊಚ್ಚುತ್ತಾರಲ್ಲ, ಆಯಿ ಆ ಕೆಲಸವನ್ನು ಹಿತ್ತಾಳೆ ಚೊಂಬಿನಲ್ಲಿ ಸೌಟು ತಿರುಗಿಸುತ್ತಲೇ ಮುಗಿಸುತ್ತಾರೆ. ನನಗೆ ಬಿಳಿ ಮುರುಗಲಿನ ಪಾನಕ ಇಷ್ಟ. ಅದು ಕೆಂಪು ಮುರುಗಲಿನಷ್ಟು ಬಣ್ಣ ತೋರುವುದಿಲ್ಲ, ಫೋಟೋಕ್ಕೂ ಚೆಂದ ಬರುವುದಿಲ್ಲ. ಹಾಗಾಗಿ ಪೇಟೆಯ ಬಾಟಲಿಗೆ ಅಷ್ಟಾಗಿ ಇಳಿಯದೆ ಉಳಿದುಕೊಂಡಿದೆ.

ಊಟಕ್ಕೆ ಅಪ್ಪೆಹುಳಿ ಇದ್ದೇ ಇರುತ್ತದೆ. ಇದನ್ನು ಸಾರು ಎಂದು ಕರೆದು ಅನ್ನಕ್ಕೆ ಸುರಿದುಕೊಳ್ಳುವವರಿದ್ದಾರೆ. ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ನಷ್ಟ ಅವರದೇ. ಆಯಿ ಮಾಡುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಮಾವಿನಕಾಯಿಯನ್ನು ಸಿಪ್ಪೆ ಸಹಿತ ಬೇಯಿಸುತ್ತಾರೆ. ಆರಿದ ಮೇಲೆ ಕೈಯಲ್ಲೇ ಕಿವುಚಿ ಗೊರಟನ್ನೂ ಸಿಪ್ಪೆಯನ್ನೂ ಎತ್ತಿ ಹಾಕುತ್ತಾರೆ. ಆಮೇಲೆ ನೀರು. ಎಷ್ಟು ನೀರೆಂದರೆ, ಹೊಸಬರು ನೋಡಿದರೆ ಪಾತ್ರೆ ತೊಳೆಯಲು ಹೊರಟಿದ್ದಾರೆಂದು ತಿಳಿಯಬೇಕು. ಉಪ್ಪು, ಬೆಲ್ಲದ ಸಣ್ಣ ಚೂರು. ಕಡೆಗೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಧಾರಾಳ ಇಂಗು. ಸೂಜಿಮೆಣಸನ್ನು ನುರಿದು ಹಾಕುವುದು ಮನೆಯಲ್ಲಿ ಮಕ್ಕಳಿಲ್ಲದ ದಿನ. ಒಗ್ಗರಣೆ ಬಿದ್ದ ಕೂಡಲೇ ಮುಚ್ಚಳ ಹಾಕುತ್ತಾರೆ. ಇಂಗಿನ ಹೊಗೆ ಹೊರಗೆ ಹೋಗಬಾರದು, ಅದು ಒಳಗೇ ಮುಳುಗಬೇಕು. ಮೊದಲ ಲೋಟ ಊಟದ ನಡುವೆ, ಎರಡನೆಯದು ಕೊನೆಗೆ, ಮೂರನೆಯದು ಯಾರೂ ನೋಡದಾಗ. ಕುಡಿದವನಿಗೆ ನಿದ್ದೆ ಬರುತ್ತದೆಂದು ಇಡೀ ಸೀಮೆ ಬಲ್ಲದು. ಶಿರಸಿ ಕಡೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರಿಗಾದರೂ ಫೋನು ಮಾಡಿ ಉತ್ತರ ಸಿಗದಿದ್ದರೆ ನೆಟ್‌ವರ್ಕನ್ನು ಬೈಯುವ ಮೊದಲು ಈ ವಿಷಯವನ್ನು ಗಮನಕ್ಕೆ ತಂದುಕೊಳ್ಳಬೇಕು.

ಇನ್ನು ಮಿಡಿ ಉಪ್ಪಿನಕಾಯಿ. ಇದರ ಬಗ್ಗೆ ಮಾತನಾಡುವಾಗ ಘಟ್ಟದ ಮೇಲಿನವರ ಗಂಟಲು ಗದ್ಗದವಾಗುತ್ತದೆ. ಅಪ್ಪೆಮಿಡಿ ಬೆಳೆಯುವುದು ಅಘನಾಶಿನಿ, ಬೇಡ್ತಿ, ಶರಾವತಿ ನದಿಗಳ ಮತ್ತು ಅವಕ್ಕೆ ಸೇರುವ ಹಳ್ಳಗಳ ದಂಡೆಯ ಕಾಡುಮರಗಳಲ್ಲಿ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಕರ್ಣಕುಂಡಲ, ಜೀರಿಗೆ ಅಪ್ಪೆ ಎಂದು ಮರಕ್ಕೊಂದು ಹೆಸರು, ಹೆಸರಿಗೊಂದು ಪರಿಮಳ. ಮಿಡಿಯನ್ನು ಬಡಿದು ಉದುರಿಸುವಂತಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಭರಣಿಯನ್ನೇ ಕೆಡಿಸುತ್ತದೆ. ಆಳು ಮರ ಹತ್ತಿ ತೊಟ್ಟು ಸಹಿತ ಕೊಯ್ದು ಬುಟ್ಟಿಯಲ್ಲಿ ಹಗ್ಗಕಟ್ಟಿ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಉಳಿಯುವುದು ಬರೀ ಮಾವಿನಕಾಯಿ. ಉಪ್ಪಿನಲ್ಲಿ ಕೂತು ಚಿರುಟಿದ ಮೇಲೆಯೇ ಮಸಾಲೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, 2019ರಲ್ಲಿ ಶಿರಸಿಯ ಅಡಿಕೆಗೂ ಸಿಕ್ಕಿತು. ಸರಕಾರದ ಕಾಗದ ಬಂದದ್ದು ಒಳ್ಳೆಯದೇ. ಆದರೆ ಮಿಡಿಯ ನಿಜವಾದ ದಾಖಲೆ ಇರುವುದು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ. ಅದನ್ನು ಬಿಚ್ಚುವ ಹಕ್ಕು ಮನೆಯಲ್ಲಿ ಒಬ್ಬರಿಗೆ ಮಾತ್ರ ಇರುತ್ತದೆ. ಗೆಳೆಯನ ಮನೆಯಲ್ಲಿ ಅದು ಗೆಳೆಯನಿಗೆ ಇಲ್ಲ.

ತೊಡದೇವಿನ ಬಗ್ಗೆ ಬರೆಯಲೇಬೇಕೇ? ಅದು ಸಿಹಿತಿಂಡಿ, ಹುಳಿಯಲ್ಲ, ನನ್ನ ವಾದಕ್ಕೆ ಉಪಯೋಗವಿಲ್ಲ. ಆದರೂ ಕಣ್ಣಾರೆ ನೋಡಿದ್ದನ್ನು ಬಿಡಲು ಮನಸ್ಸಾಗದು. ಉರಿಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕುತ್ತಾರೆ. ಅಕ್ಕಿಯನ್ನು ಕಬ್ಬಿನ ಹಾಲಿನೊಡನೆ ನುಣ್ಣಗೆ ಬೀಸಿದ ತೆಳು ಹಿಟ್ಟಿಗೆ ಕೋಲಿಗೆ ಸುತ್ತಿದ ಬಟ್ಟೆಯನ್ನು ಅದ್ದಿ, ಮಡಕೆಯ ಬೆನ್ನಿನ ಮೇಲೆ ಒಂದೇ ಸಲ ಎಳೆಯುತ್ತಾರೆ. ಎರಡನೆಯ ಸಲ ಎಳೆದರೆ ದಪ್ಪವಾಯಿತು, ಕೆಟ್ಟಿತು. ಅಂಚು ಏಳುತ್ತಿದ್ದಂತೆ ಬರಿಗೈಯಲ್ಲಿ ಎಬ್ಬಿಸಿ, ಬಿಸಿ ಇರುವಾಗಲೇ ತ್ರಿಕೋನವಾಗಿ ಮಡಚಬೇಕು. ಎರಡು ಕ್ಷಣ ತಡವಾದರೆ ಮಡಚುವಾಗ ಮುರಿಯುತ್ತದೆ. ಮುರಿದವು ಅಡುಗೆಮನೆಯ ಬಾಗಿಲಲ್ಲಿ ನಿಂತವನ ಪಾಲು. ಅಲ್ಲಿ ನಿಲ್ಲುವ ಅಭ್ಯಾಸ ನನಗೆ ಹತ್ತಿದ್ದೇ ಹೀಗೆ.

ಶಿರಸಿಯ ಹೋಟೆಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬನ್ಸ್ ಚೆನ್ನಾಗಿರುತ್ತದೆ, ಅವಲಕ್ಕಿ ಚೆನ್ನಾಗಿರುತ್ತದೆ. ಅಪ್ಪೆಹುಳಿ ಕೇಳಿದರೆ ಮಾತ್ರ ಕೆಲವರು ಹುಣಸೆನೀರಿಗೆ ಇಂಗು ಹಾಕಿ ತಂದಿಟ್ಟುಬಿಡುತ್ತಾರೆ. ಆಗ ಸಿಟ್ಟು ಬರುತ್ತದೆ.

ಕೆಳಗೆ ಇಳಿಯೋಣ. ಬೇಸಿಗೆಯಲ್ಲಿ ನಮ್ಮ ಕುಮಟೆಯ ಹತ್ತಿರ ಹಂದಿಗೋಣ, ಅಳ್ವೆಕೋಡಿ ಕಡೆ ಹೆದ್ದಾರಿಯ ಪಕ್ಕ ಈರುಳ್ಳಿಯ ಜಡೆಗಳನ್ನು ಸಾಲಾಗಿ ತೂಗುಹಾಕುತ್ತಾರೆ. ಸಿಹಿ ಈರುಳ್ಳಿ, ಹಸಿಯಾಗಿ ತಿಂದರೂ ಕಣ್ಣೀರಿಲ್ಲ. ಇದಕ್ಕೆ ನಾಲ್ಕು ಹನಿ ಲಿಂಬೆ ಹಿಂಡಿ ಸಾಣಿಕಟ್ಟೆಯ ಉಪ್ಪಿನ ಹರಳು ಉದುರಿಸಿದರೆ ನನಗೆ ಅರ್ಧ ಊಟ ಆದ ಹಾಗೆ. ಗೋಕರ್ಣದ ಪಕ್ಕದ ಆ ಗದ್ದೆಗಳಲ್ಲಿ ಸಮುದ್ರದ ನೀರು ಕಟ್ಟಿ ಬಿಸಿಲಿಗೆ ಬಿಟ್ಟು ತೆಗೆಯುವ ಉಪ್ಪು ದಪ್ಪ ಹರಳು, ಬಣ್ಣ ಸ್ವಲ್ಪ ಮಾಸಲು. ಪ್ಯಾಕೆಟ್ ಉಪ್ಪಿಗೆ ಒಗ್ಗಿದವರು ಇದನ್ನು ಕೊಳಕೆಂದು ಬಗೆಯುತ್ತಾರೆ. ಮಾವಿನ ಮಿಡಿಗೂ ಒಣಮೀನಿಗೂ ಇದೇ ಬೇಕೆಂದು ಹಟ ಹಿಡಿಯುವ ಅಜ್ಜಿಯಂದಿರು ಇನ್ನೂ ಇದ್ದಾರೆ.

ಗೋಕರ್ಣದ ಕಡಲತೀರದಲ್ಲಿ ಈಗ ಊಟವೆಂದರೆ ಜಗತ್ತಿನ ಭೂಪಟ. ಕುಡ್ಲೆ ತೀರದ ಗುಡಿಸಲಿನಲ್ಲಿ ಹಮ್ಮಸ್ ಸಿಗುತ್ತದೆ, ಶಕ್‌ಶುಕಾ ಸಿಗುತ್ತದೆ. ಇಸ್ರೇಲಿನಿಂದ ಬಂದವರು ಬಿಟ್ಟುಹೋದ ರುಚಿಯನ್ನು ನಮ್ಮ ಕಡೆಯ ಹುಡುಗರು ಕಲಿತು ಬಡಿಸುತ್ತಾರೆ. ಅಂಥದೊಂದು ಕಡೆ, ಹೆಸರು ಬೇಡ, ಪಾನೀಯದ ಪಟ್ಟಿಯಲ್ಲಿ ಕೋಕಂ ಎಂಬ ಶಬ್ದ ಕಂಡು ಕುತೂಹಲದಿಂದ ಕುಳಿತೆ. ಬಂದದ್ದು ಜಿನ್, ಸೋಡಾ ಮತ್ತು ಬಾಟಲಿಯ ಸಿಹಿ ಶರಬತ್ತು. ಮೇಲೆ ಕಾಗದದ ಕೊಡೆ. ನಾಲಿಗೆಗೆ ಸಿಕ್ಕಿದ್ದು ಮಕ್ಕಳ ಕೆಮ್ಮಿನ ಔಷಧಿ. ಬೆರೆಸಿದ ಹುಡುಗ ದೂರದ ಬೆಟ್ಟದ ನಾಡಿನವನು, ಪಾಪ, ಮುರುಗಲಿನ ಮರವನ್ನೇ ನೋಡಿರಲಿಲ್ಲ. ನಾನು ಅವನಿಗೆ ಹಣ್ಣಿನ ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿದರೆ ಶರಬತ್ತು, ರಸವನ್ನು ಉಪ್ಪಿನಲ್ಲಿ ಹಾಕಿದರೆ ಆಗಳ ಎಂಬ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ತೆಂಗಿನ ಹಾಲು ಬೆರೆಸಿ ಮಾಡುವ ನಮ್ಮ ಸೋಲ್‌ಕಡಿಗೆ ಬಳಸುವುದು ಆಗಳವನ್ನೇ. ಆಗಳದಲ್ಲಿ ಹುಳಿ ಮೊದಲು ಬರುತ್ತದೆ, ಉಪ್ಪು ಅದರ ಬೆನ್ನಿಗೆ, ಬಣ್ಣವಂತೂ ಲೋಟದ ಆಚೆಯ ಕಡಲೂ ಕಾಣದಷ್ಟು ಗಾಢ.

ಮುಂದಿನ ಸಲ ಹೋಗುವಾಗ ಮನೆಯಿಂದ ಒಂದು ಸಣ್ಣ ಬಾಟಲಿ ಆಗಳ ಒಯ್ದೆ, ಜೊತೆಗೆ ಶಿರಸಿಯ ಜೋನಿಬೆಲ್ಲ. ಅವನು ಜಿನ್ನಿಗೆ ಒಂದು ಚಮಚ ಆಗಳ, ಅರ್ಧ ಚಮಚ ಬೆಲ್ಲ ಹಾಕಿ, ಸೀಳಿದ ಸೂಜಿಮೆಣಸು ಇಳಿಬಿಟ್ಟು, ಸೋಡಾ ಸುರಿದ. ಲೋಟದ ಬಾಯಿಗೆ ಸಾಣಿಕಟ್ಟೆ ಉಪ್ಪನ್ನು ಪುಡಿ ಮಾಡಿ ಹಚ್ಚಿದ. ಒಂದು ಗುಟುಕು ತಾನೂ ಕುಡಿದು ನೋಡಿ ಕಣ್ಣು ಕಿರಿದು ಮಾಡಿದ. ಆಮೇಲೆ ಯಾರೂ ಹೇಳದೆ ಕಾಗದದ ಕೊಡೆಯನ್ನು ತೆಗೆದು ಬದಿಗಿಟ್ಟ. ಅಷ್ಟರಿಂದ ಅವನ ಮೇಲೆ ನನಗೆ ಗೌರವ ಹುಟ್ಟಿತು. ಗಲ್ಲಾದಲ್ಲಿ ಕುಳಿತವರಿಗೆ ಮಾತ್ರ ಇಂಥ ಸೂಕ್ಷ್ಮ ತಿಳಿಯಲಿಲ್ಲ. ನನ್ನದೇ ಆಗಳಕ್ಕೆ, ನನ್ನದೇ ಬೆಲ್ಲಕ್ಕೆ ಪೂರ್ತಿ ದರ ಕೊಟ್ಟು ಬಂದೆ.

ಅಂಕೋಲೆಯನ್ನು ಬೇಗ ದಾಟುತ್ತೇನೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು, ಉಪ್ಪಿನ ಬೆಲೆ ಅದಕ್ಕೆ ಗೊತ್ತು. ಆದರೆ ಅದು ಹೆಸರು ಮಾಡಿದ್ದು ಸಿಹಿಯಲ್ಲಿ. ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಬಂತು. ಸಿಪ್ಪೆ ತೆಳು, ದೂರದ ಪ್ರಯಾಣ ತಡೆಯದು. ತಿನ್ನಬೇಕಾದವನೇ ಹಣ್ಣಿದ್ದಲ್ಲಿಗೆ ಹೋಗಬೇಕು. ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಇಟ್ಟುಕೊಂಡು ಕುಳಿತಲ್ಲಿ ನಿಂತು, ಅಂಗಿಯ ತೋಳು ಮಡಚಿ ತಿನ್ನುವುದೊಂದೇ ಮಾರ್ಗ.

ಕಾರವಾರಕ್ಕೆ ಬಂದರೆ ಹುಳಿಗೆ ಲೆಕ್ಕಾಚಾರ ಶುರುವಾಗುತ್ತದೆ. ಮೀನಿನ ಸಾರಿಗೆ ಎಲ್ಲ ಹುಳಿಯೂ ಆಗುವುದಿಲ್ಲ. ಶೆಟ್ಲಿಗೆ ಬಿಂಬಲಿ ಹೊಂದುತ್ತದೆ, ಅಂಬಟೆಯೂ ಹೊಂದುತ್ತದೆ. ಬಂಗಡೆ, ತಾರ್ಲೆಯಂಥ ಎಣ್ಣೆಮೀನಿಗೆ ಮುರುಗಲಿನ ಒಣಸಿಪ್ಪೆ, ಮೇಲೆ ಜಜ್ಜಿದ ಜುಮ್ಮನಕಾಯಿ. ಜುಮ್ಮನಕಾಯಿ ಅಗಿಯಲು ಅಲ್ಲ, ಬರೀ ಇರಲು. ಗೊತ್ತಿಲ್ಲದೆ ಅಗಿದವರು ಮುಂದಿನ ಕಾಲು ಗಂಟೆ ನಾಲಿಗೆ ಎಲ್ಲಿದೆಯೆಂದು ಹುಡುಕುತ್ತಾರೆ. ಹೊರಗಿನಿಂದ ಬಂದ ನೆಂಟರಿಗೆ ಇದನ್ನು ಮೊದಲೇ ಹೇಳಬೇಕು. ನಾನು ಹೇಳುವುದಿಲ್ಲ.

ಈ ಹೊಂದಾಣಿಕೆಯ ಶಾಸ್ತ್ರವನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಕಾರವಾರದ ಮೀನುಪೇಟೆಯ ಹೆಂಗಸರು. ಒಮ್ಮೆ ನೊಗಲಿ ಕೊಳ್ಳುತ್ತ, ಬಲ್ಲವನ ಗತ್ತಿನಲ್ಲಿ ಕಿವಿರು ಎತ್ತಿ ನೋಡಿದೆ. ಕೆಂಪಾಗಿತ್ತು. ಹೊಟ್ಟೆ ಒತ್ತಿದೆ. ಗಟ್ಟಿಯಾಗಿತ್ತು. "ಬಾಯಿ, ಇದಕ್ಕೆ ಜುಮ್ಮನಕಾಯಿ ಹಾಕಿದರೆ ಹೇಗೆ?" ಎಂದು ಕೇಳಿದೆ. ಆಕೆ ಕತ್ತಿಯನ್ನು ಹಲಗೆಯ ಮೇಲೆ ಇಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ತಮ್ಮಾ, ಹಾಗಾದರೆ ಈ ಮೀನು ನಿನಗೆ ಕೊಡುವುದಿಲ್ಲ. ಬಂಗಡೆ ತೆಗೆದುಕೋ" ಎಂದಳು. ನೊಗಲಿಯಂಥ ಮೆತ್ತನೆಯ ಮೀನಿನ ಮೇಲೆ ಜುಮ್ಮನಕಾಯಿ ದರ್ಬಾರು ನಡೆಸಬಾರದು ಎಂಬುದು ಆಕೆಯ ನಿಲುವು. ವ್ಯಾಪಾರ ಹೋದರೂ ಸರಿ, ಮೀನಿನ ಮರ್ಯಾದೆ ಹೋಗಬಾರದು. ಎರಡು ಪಾಲು ಬಂಗಡೆ ಕೊಂಡು ಸುಮ್ಮನೆ ಬಂದೆ.

1880ರ ದಶಕದಲ್ಲಿ ಯುವಕ ರವೀಂದ್ರನಾಥ ಟಾಗೋರರು ಇಲ್ಲಿ ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರು. ಅವರ ಮೇಲೆ ಈ ಕಡಲು ಬೀರಿದ ಪ್ರಭಾವದ ಬಗ್ಗೆ ಭಾಷಣಗಳನ್ನು ಕೇಳಿದ್ದೇನೆ. ಕಾಳಿ ನದಿಯ ಚಿಪ್ಪುಮೀನು ತಿಸ್ರೆ ಬೀರಿದ ಪ್ರಭಾವದ ಬಗ್ಗೆ ಯಾರೂ ಮಾತನಾಡಿದ್ದನ್ನು ಕೇಳಿಲ್ಲ. ಬಂಗಾಳದವರು ಕಾರವಾರದಲ್ಲಿ ತಿಂಗಳುಗಟ್ಟಲೆ ಇದ್ದು ಬರೀ ಬೆಳದಿಂಗಳು ನೋಡಿ ಹೋದರೆಂದರೆ ನಾನಂತೂ ನಂಬಲಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ 61 ದಿನ ಕರಾವಳಿಯ ಹೊಟ್ಟೆ ಅಟ್ಟದ ಮೇಲೆ ನೋಡುತ್ತದೆ. ಮಳೆಗೆ ಮೊದಲು ಒಣಗಿಸಿ ಕಟ್ಟಿಟ್ಟ ಶೆಟ್ಲಿಯನ್ನು ಹುರಿದು, ತೆಂಗಿನಕಾಯಿ ಮತ್ತು ಮುರುಗಲಿನ ಸಿಪ್ಪೆಯೊಡನೆ ಅರೆದ ಚಟ್ನಿ, ಅಘನಾಶಿನಿಯ ಗಜನಿಯಲ್ಲಿ, ಅಂದರೆ ಉಬ್ಬರದ ನೀರು ಬರುವ ಗದ್ದೆಯಲ್ಲಿ, ಉಪ್ಪುನೀರನ್ನೂ ತಾಳಿ ಬೆಳೆಯುವ ಕಗ್ಗದ ಅಕ್ಕಿಯ ಗಂಜಿ. ತಾಜಾ ಪಾಪ್ಲೆಟ್ ಹುರಿದು ತಿನ್ನುವ ದಿನಗಳಿಗಿಂತ ನನಗೆ ಈ ದಿನಗಳೇ ಹೆಚ್ಚು ಹಿತ. ರವೆ ಮೆತ್ತಿ ಹುರಿದರೆ ಯಾವ ಮೀನೂ ರುಚಿಯೇ, ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ಹೆದ್ದಾರಿಯ ಹೋಟೆಲುಗಳು ಪ್ರವಾಸಿಗರಿಗೆ ಅದನ್ನೇ ಕೊಟ್ಟು ಕಳಿಸುತ್ತವೆ. ಅವರು ತಟ್ಟೆಯ ಫೋಟೋ ತೆಗೆದುಕೊಂಡು, ಮೂಲೆಯಲ್ಲಿಟ್ಟ ಸಣ್ಣ ಲೋಟದ ಸೋಲ್‌ಕಡಿಯನ್ನು ಕೈತೊಳೆಯುವ ನೀರೆಂಬಂತೆ ಬದಿಗೆ ಸರಿಸುತ್ತಾರೆ. ಆ ಲೋಟವನ್ನು ನನ್ನ ಕಡೆ ಸರಿಸಿ ಎಂದು ಅಪರಿಚಿತರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕಾರವಾರದಿಂದ ಸ್ವಲ್ಪ ಹೋದರೆ ಮಾಜಾಳಿ, ಅದರಾಚೆ ಪೋಳೆ, ಅಂದರೆ ಗೋವಾ. ಮರಗಳಿಗೆ ಗಡಿ ಗೊತ್ತಿಲ್ಲ. ಎರಡೂ ಕಡೆ ಅದೇ ಗೇರು, ಅದೇ ಹಣ್ಣು. ಈಚೆ ಬೀಜ ಕಿತ್ತುಕೊಂಡ ಮೇಲೆ ಹಣ್ಣು ನೆಲದಲ್ಲಿ ಕೊಳೆಯುತ್ತದೆ, ಇಲ್ಲವೇ ಮಕ್ಕಳು ಉಪ್ಪು ಹಚ್ಚಿ ತಿನ್ನುತ್ತಾರೆ. ಆಚೆ ಅದೇ ಹಣ್ಣಿನ ರಸ ಹುದುಗಿ ಭಟ್ಟಿಗೆ ಏರುತ್ತದೆ. ಮೊದಲ ಇಳಿಸುವಿಕೆಯಲ್ಲಿ ಬರುವುದು ಉರ‍್ರಾಕ್, ಅದನ್ನೇ ಮತ್ತೆ ಇಳಿಸಿದರೆ ಫೆನಿ. ಗೋವಾದ ಗೇರುಫೆನಿಗೆ 2009ರಲ್ಲೇ ಭೌಗೋಳಿಕ ಸೂಚಕ ದಕ್ಕಿದೆ. ಫೆನಿ ವರ್ಷವಿಡೀ ಸಿಗುತ್ತದೆ, ಅದರ ಘಾಟಿಗೆ ಮೂಗು ಒಗ್ಗಬೇಕು. ಉರ‍್ರಾಕ್ ಸೌಮ್ಯ. ಬೇಸಿಗೆಯ ಕೆಲವು ವಾರ ಮುಖ ತೋರಿಸಿ ಹೋಗಿಬಿಡುತ್ತದೆ. ಅದಕ್ಕೆ ಲಿಮ್ಕಾ, ಹಿಂಡಿದ ಲಿಂಬೆ, ಉಪ್ಪು, ಸೀಳಿದ ಹಸಿಮೆಣಸು. ನೋಡಿ, ಗಡಿ ದಾಟಿದರೂ ಉಪ್ಪು, ಹುಳಿ, ಖಾರ ಬೆನ್ನು ಬಿಡಲಿಲ್ಲ. ಶಿರಸಿಯ ಆಯಿ ಈ ಲೋಟವನ್ನು ದೂರದಿಂದ ಕಂಡರೆ ಬೆರೆಸಿದ ಕ್ರಮಕ್ಕೆ ತಲೆದೂಗುತ್ತಿದ್ದರು, ಹತ್ತಿರ ಬಂದರೆ ಮಾತ್ರ ತೊಂದರೆ. ಇಲ್ಲಿಗೆ ನಾನು ಬಸ್ಸಿನಲ್ಲೇ ಹೋಗಿ ಬಸ್ಸಿನಲ್ಲೇ ಬರುತ್ತೇನೆ. ಮರಳುವಾಗ ಚೀಲದಲ್ಲಿ ಬಾಟಲಿ ಇಟ್ಟುಕೊಳ್ಳುವುದಿಲ್ಲ. ತನಿಖಾ ಠಾಣೆಯಲ್ಲಿ ಚೀಲ ಬಿಚ್ಚಿ ತೋರಿಸುವಾಗ ಒಳಗಿನ ಒಣಮೀನಿನ ಪೊಟ್ಟಣವೊಂದೇ ಸಾಕಷ್ಟು ಮುಜುಗರ ತರುತ್ತದೆ.

ನನ್ನ ವಾದಕ್ಕೆ ತಲೆಬಾಗದ ಊರು ಒಂದಿದೆ, ಭಟ್ಕಳ. ಅಲ್ಲಿಯ ನವಾಯತ ಮುಸ್ಲಿಮರ ಮನೆಯಲ್ಲಿ ಶಾವಿಗೆಯ ಬಿರಿಯಾನಿ ತಿಂದು ಬಂದ ಮೇಲೆ ಹುಳಿಯ ಸಿದ್ಧಾಂತವನ್ನು ಕೆಲವು ದಿನ ಮಡಚಿಟ್ಟಿದ್ದೆ. ಈರುಳ್ಳಿಯನ್ನು ಅಷ್ಟು ತಾಳ್ಮೆಯಿಂದ ಬಾಡಿಸಿದವರ ಎದುರು ವಾದ ಮಾಡುವುದು ಸಭ್ಯತೆಯೂ ಅಲ್ಲ.

ಇಷ್ಟೆಲ್ಲ ಹುಳಿ ಒಳಗೆ ಹೋದರೆ ಹೊಟ್ಟೆ ಸುಮ್ಮನಿರುತ್ತದೆಯೇ? ಇತ್ತೀಚೆಗೆ ಎದೆಯುರಿ ಶುರುವಾಗಿದೆ. ನಮ್ಮ ಕಾಡಿನ ಉಪ್ಪಾಗೆ ಎಂಬ ಹುಳಿಹಣ್ಣಿನ ಒಣಸಿಪ್ಪೆಯನ್ನು ತೂಕ ಇಳಿಸುವ ಗುಳಿಗೆಗೆಂದು ಹೊರದೇಶಗಳಿಗೆ ಕಳಿಸುತ್ತಾರೆ. ಅದೇ ಕಾಡಿನ ಹುಳಿ ತಿಂದು ನಾನು ತೂಕವನ್ನೂ ಏರಿಸಿಕೊಂಡು ಉರಿಯನ್ನೂ ಕಟ್ಟಿಕೊಂಡಿದ್ದೇನೆ. ಹೆಂಡತಿಯ ಒತ್ತಾಯಕ್ಕೆ ವೈದ್ಯರ ಬಳಿ ಹೋದೆ. ಹಿರಿಯರು, ಸಿದ್ದಾಪುರದ ಕಡೆಯವರು. ಹೊಟ್ಟೆ ಒತ್ತಿ ನೋಡಿ, ಹುಳಿ, ಖಾರ, ಉಪ್ಪಿನಕಾಯಿ ಮೂರನ್ನೂ ಬಿಡಬೇಕು ಎಂದು ಖಡಾಖಂಡಿತವಾಗಿ ಹೇಳಿದರು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕಾದ ಮಾತ್ರೆ ಬರೆದರು. ಬರೆಯುತ್ತಲೇ, ನಿನ್ನೆ ರಾತ್ರಿ ಏನು ತಿಂದಿರಿ ಎಂದು ಕೇಳಿದರು.

"ಮೊಸರನ್ನ, ಡಾಕ್ಟ್ರೇ. ಜೊತೆಗೆ ಎರಡು ಮಿಡಿ ಉಪ್ಪಿನಕಾಯಿ."

ಪೆನ್ನು ನಿಂತಿತು. "ಯಾವ ಮಿಡಿ?"

"ಜೀರಿಗೆ ಅಪ್ಪೆ. ಶಿರಸಿಯ ಗೆಳೆಯನ ಮನೆಯದು."

ಅವರು ಹೊರಗೆ ಸರದಿಯಲ್ಲಿ ಕುಳಿತವರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಈ ವರ್ಷದ್ದೋ, ಹೋದ ವರ್ಷದ್ದೋ?" ಎಂದರು. ಹೋದ ವರ್ಷದ್ದು ಎಂದೆ. ಹದಿನೈದು ದಿನ ಬಿಟ್ಟು ತಪ್ಪದೆ ಮತ್ತೆ ತೋರಿಸಿಕೊಳ್ಳಬೇಕು, ಬರುವಾಗ ಒಂದು ಸಣ್ಣ ಡಬ್ಬಿ ತರಬೇಕು, ಶುಲ್ಕದ ವಿಚಾರ ಆಮೇಲೆ ನೋಡೋಣ ಎಂದು ಹೇಳಿ ಮುಂದಿನವರನ್ನು ಒಳಗೆ ಕರೆದರು.